ಹ್ಯಾಗ್ಲರ್–ಲೆನರ್ಡ್ ಎರಡನೇ ಸಲ ಎದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು?

ಮೂಡಿಗೆರೆ ತೋಟದವ

1987ರ ಏಪ್ರಿಲ್ 6, ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೆಸ್. ಬಾಕ್ಸಿಂಗ್‌ನ ಮಿಡಲ್‌ವೇಟ್ ತೂಕದ ವಿಶ್ವ ಪಟ್ಟಕ್ಕೆ ಮಾರ್ವೆಲಸ್ ಮಾರ್ವಿನ್ ಹ್ಯಾಗ್ಲರ್ ಮತ್ತು ಶುಗರ್ ರೇ ಲೆನರ್ಡ್. 12 ಸುತ್ತು ಮುಗಿದಾಗ ಇಬ್ಬರು ತೀರ್ಪುಗಾರರು ಲೆನರ್ಡ್ ಅಂದರು, ಒಬ್ಬರು ಹ್ಯಾಗ್ಲರ್ ಅಂದರು. ಆರೂವರೆ ವರ್ಷ ಕಾಪಾಡಿಕೊಂಡಿದ್ದ ಪಟ್ಟ ಹೋಯಿತು. ಹ್ಯಾಗ್ಲರ್ ಮರುಪಂದ್ಯ ಕೇಳಿದ, ಕಾದ, ಸಿಗಲಿಲ್ಲ. 1988ರಲ್ಲಿ ನಿವೃತ್ತಿ ಹೇಳಿ ಇಟಲಿಗೆ ಹೊರಟುಹೋದ. ಆ ರಾತ್ರಿಯ ನಂತರ ಅವನು ಮತ್ತೆ ಒಂದು ಪಂದ್ಯಕ್ಕೂ ಗ್ಲೌಸ್ ಹಾಕಲಿಲ್ಲ.

ಗೆದ್ದವರು ಯಾರು ಅನ್ನುವ ಜಗಳ ಬೇಡ. ಅದನ್ನು ಇಡೀ ಜಗತ್ತು ಆಡಿ ಮುಗಿಸಿದೆ. ನಾನು ಕೇಳುತ್ತಿರುವುದು ಬೇರೆ: ಅದೇ ವರ್ಷದ ಕೊನೆಗೆ ಇಬ್ಬರೂ ಮತ್ತೆ ರಿಂಗಿಗೆ ಇಳಿದಿದ್ದರೆ?

ಹ್ಯಾಗ್ಲರ್ ಗೆಲ್ಲುತ್ತಿದ್ದ ಅನ್ನೋದು ನನ್ನ ನಂಬಿಕೆ. ಅಭಿಮಾನಕ್ಕೆ ಹೇಳುತ್ತಿಲ್ಲ, ಅವನ ದಾಖಲೆ ನೋಡಿ ಹೇಳುತ್ತಿದ್ದೇನೆ. 62 ಗೆಲುವು, 3 ಸೋಲು, 2 ಡ್ರಾ. ಲೆನರ್ಡ್‌ನನ್ನು ಬಿಟ್ಟರೆ ಉಳಿದದ್ದು ಎರಡು ಸೋಲು, ಎರಡು ಡ್ರಾ. ಒಂದೊಂದಾಗಿ ನೋಡಿ. 1974ರಲ್ಲಿ ಶುಗರ್ ರೇ ಸೀಲ್ಸ್ ಜೊತೆ ಡ್ರಾ ಆಯಿತು. 1979ರಲ್ಲಿ ಸಿಕ್ಕಾಗ ಮೊದಲ ಸುತ್ತಿನಲ್ಲೇ ಮುಗಿಸಿದ. 1976ರಲ್ಲಿ ಬಾಬಿ ವಾಟ್ಸ್‌ಗೆ ಸೋತ; 1980ರಲ್ಲಿ ಎರಡೇ ಸುತ್ತಿನಲ್ಲಿ ಕೆಡವಿದ. ಅದೇ 1976ರಲ್ಲಿ ವಿಲ್ಲಿ ಮನ್ರೋಗೆ ಸೋತ. 1977ರಲ್ಲಿ ಎರಡು ಸಲ ಎದುರಾಗಿ, ಮೊದಲು 12ನೇ ಸುತ್ತಿನಲ್ಲಿ, ಆಮೇಲೆ 2ನೇ ಸುತ್ತಿನಲ್ಲಿ ನಿಲ್ಲಿಸಿದ. 1979ರಲ್ಲಿ ವಿಟೊ ಆಂಟುಫರ್ಮೊ ಜೊತೆಗಿನ ಪಟ್ಟದ ಪಂದ್ಯ ಡ್ರಾ. 1981ರಲ್ಲಿ ನಾಲ್ಕು ಸುತ್ತಿಗೆ ಆಂಟುಫರ್ಮೊ ಸ್ಟೂಲಿನಿಂದ ಏಳಲಿಲ್ಲ.

ಅಂದರೆ ಅವನನ್ನು ಸೋಲಿಸಿದ, ಸರಿಸಮ ನಿಂತ ನಾಲ್ವರಿಗೂ ಅವನು ಬಾಕಿ ತೀರಿಸಿದ್ದಾನೆ, ಅದೂ ತೀರ್ಪುಗಾರರ ಅಂಕದ ಚೀಟಿಗೆ ಬಿಡದೆ. ಲೆನರ್ಡ್ ಒಬ್ಬನೇ ಉಳಿದ. ಒಮ್ಮೆ ಕಂಡ ಆಟವನ್ನು ಹ್ಯಾಗ್ಲರ್ ಮರೆಯುವವನಲ್ಲ. ಎರಡನೇ ಸಲ ಅವನ ಎದುರು ನಿಂತವರು ಇನ್ನೊಬ್ಬ ಹ್ಯಾಗ್ಲರ್‌ನನ್ನೇ ಕಂಡರು.

ಹಾಸನದ ಕಡೆಯ ಗೆಳೆಯರಲ್ಲಿ ಲೆನರ್ಡ್ ಪಕ್ಷದವರು ಜಾಸ್ತಿ ಅಂತ ಗೊತ್ತು. ಬನ್ನಿ, ಮಾತಾಡೋಣ.

ಬಿ.ಎಂ. ರಸ್ತೆ, ಹಾಸನ

ಗೌಡ್ರೇ, ಕರೆದಿರಿ, ಬಂದೆ.

ಈ ಪಂದ್ಯವನ್ನು ನಾನು ಮೊದಲು ನೋಡಿದ್ದು ವಿಸಿಆರ್‌ನಲ್ಲಿ, ಗಲ್ಫ್‌ನಿಂದ ರಜೆಗೆ ಬಂದಿದ್ದ ನಮ್ಮ ಮಾವ ತಂದ ಕ್ಯಾಸೆಟ್ಟಿನಲ್ಲಿ. ಆ ಕಾಲದಲ್ಲಿ ದೇಶಕ್ಕೆಲ್ಲ ಟಿ.ವಿ. ತಲುಪಿಸುತ್ತಿದ್ದ ಇನ್ಸಾಟ್ ಉಪಗ್ರಹವನ್ನು ನೋಡಿಕೊಳ್ಳುತ್ತಿದ್ದದ್ದೇ ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಆದರೂ ವೇಗಸ್‌ನ ಪಂದ್ಯ ನಮಗೆ ನೇರ ಸಿಗುವ ಮಾತೇ ಇರಲಿಲ್ಲ. ಹಾಗಾಗಿ ಆ ಕ್ಯಾಸೆಟ್ಟನ್ನು ಟೇಪು ಸವೆಯುವಷ್ಟು ನೋಡಿದೀವಿ.

ನಿಮ್ಮ ಪಟ್ಟಿ ಒಪ್ಪುತ್ತೇನೆ. ಆದರೆ ವಾಟ್ಸ್, ಮನ್ರೋ, ಸೀಲ್ಸ್ ಯಾರೂ ಲೆನರ್ಡ್ ಅಲ್ಲ ಸಾರ್. ಮತ್ತೆ ಆಗೆಲ್ಲ ಹ್ಯಾಗ್ಲರ್‌ಗೆ ಇಪ್ಪತ್ತು ಚಿಲ್ಲರೆ ವಯಸ್ಸು. ಲೆನರ್ಡ್ ಎದುರು ನಿಂತಾಗ ಅವನಿಗೆ 33 ತುಂಬಲು ಬಂದಿತ್ತು. ಅದಕ್ಕೆ ಒಂದು ವರ್ಷ ಮುಂಚೆ, 1986ರ ಮಾರ್ಚ್‌ನಲ್ಲಿ, ಜಾನ್ ಮುಗಾಬಿಯನ್ನು ಕೆಡವಲು 11 ಸುತ್ತು ತಗೊಂಡ. ಆ ಪಂದ್ಯವನ್ನು ರಿಂಗ್ ಪಕ್ಕದಲ್ಲೇ ಕೂತು ನೋಡಿದ ಲೆನರ್ಡ್, ಇವನು ನಿಧಾನ ಆಗಿದಾನೆ ಅಂತ ಕಂಡುಕೊಂಡೇ ವಾಪಸ್ ಬಂದದ್ದು.

ನೀವು ಹ್ಯಾಗ್ಲರ್‌ನ ಮರುಪಂದ್ಯಗಳನ್ನು ಎಣಿಸಿದಿರಿ. ಲೆನರ್ಡ್‌ನದ್ದೂ ನೋಡಿ. 1980ರ ಜೂನ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ರಾಬರ್ಟೊ ಡುರಾನ್‌ಗೆ ಸೋತ. ಯಾಕೆ ಸೋತ? ಡುರಾನ್ ಕೆಣಕಿದ ಅಂತ ಮುಂದೆ ನಿಂತು ಗುದ್ದಾಡಿದ. ಅದೇ ನವೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಪೂರಾ ಬೇರೆ ಮನುಷ್ಯನಾಗಿ ಬಂದ. ಸುತ್ತಿದ, ತಪ್ಪಿಸಿದ, ಕೊನೆಗೆ 8ನೇ ಸುತ್ತಿನಲ್ಲಿ ಡುರಾನ್ ತಾನಾಗಿಯೇ ಆಡಲ್ಲ ಅಂತ ತಿರುಗಿಬಿಟ್ಟ. ಐದು ತಿಂಗಳಲ್ಲಿ ಆಟ ಬದಲಿಸಿಕೊಳ್ಳುವ ತಲೆ ಅದು.

ಇನ್ನೊಂದು ವಿಷಯ. 1987ರ ಲೆನರ್ಡ್ ಐದು ವರ್ಷದಲ್ಲಿ ಆಡಿದ್ದು ಒಂದೇ ಪಂದ್ಯ, 1984ರಲ್ಲಿ ಕೆವಿನ್ ಹೋವರ್ಡ್ ಜೊತೆ, ಅದರಲ್ಲೂ ನೆಲ ಕಂಡ. ಮಿಡಲ್‌ವೇಟ್‌ನಲ್ಲಿ ಅವನಿಗೆ ಒಂದು ಪಂದ್ಯದ ಅನುಭವವೂ ಇರಲಿಲ್ಲ. ಅಂಥವನು ಗೆದ್ದ. ತುಕ್ಕು ಬಿಟ್ಟ ಮೇಲೆ, ಆ ತೂಕಕ್ಕೆ ಮೈ ಒಗ್ಗಿದ ಮೇಲೆ, ಎರಡನೇ ಸಲ ಇನ್ನೂ ಚೆನ್ನಾಗಿ ಆಡುತ್ತಿದ್ದ ಅನ್ನೋದೇ ನ್ಯಾಯವಾದ ಊಹೆ. ನನ್ನ ಲೆಕ್ಕ: ಲೆನರ್ಡ್, ಅಂಕದ ಮೇಲೆ, ಮೊದಲನೆಯದಕ್ಕಿಂತ ಸ್ಪಷ್ಟವಾಗಿ.

ಕಡೂರು ಹುಡುಗ

ಅಣ್ಣ, ನಾನು ಹೊಸಬ. ಮೊಬೈಲಲ್ಲಿ ಈ ಪಂದ್ಯ ಪೂರ್ತಿ ನೋಡಿದೆ. ಎರಡು ಪ್ರಶ್ನೆ.

ಒಂದು, ಒಬ್ಬ ತೀರ್ಪುಗಾರ 118–110 ಲೆನರ್ಡ್‌ಗೆ ಕೊಟ್ಟಿದಾರೆ, ಇನ್ನಿಬ್ಬರು 115–113 ಅಂತ ಆ ಕಡೆ ಒಬ್ಬರು ಈ ಕಡೆ ಒಬ್ಬರು. ಒಂದೇ ಪಂದ್ಯ ನೋಡಿ ಇಷ್ಟು ವ್ಯತ್ಯಾಸ ಹೇಗೆ ಬರುತ್ತೆ?

ಎರಡು, ಹ್ಯಾಗ್ಲರ್ ಎಡಗೈ ನಿಲುವಿನವನು ಅಂತಾರೆ. ಶುರುವಿನಲ್ಲಿ ಬಲಗೈಯವನ ಥರ ಯಾಕೆ ನಿಂತ?

ಗರಡಿ ಬೀದಿ, ಬೇಲೂರು

ತಮ್ಮಾ, ಒಳ್ಳೇ ಪ್ರಶ್ನೆ. ನಾನು ಕಾಲೇಜು ದಿನಗಳಲ್ಲಿ ಬಾಕ್ಸಿಂಗ್ ಆಡಿದವನು, ಈಗ ಸಂಜೆ ಹೊತ್ತು ನಾಲ್ಕು ಮಕ್ಕಳಿಗೆ ಹೇಳಿಕೊಡ್ತೀನಿ. ತಿಳಿದಷ್ಟು ಹೇಳ್ತೀನಿ.

ಅಂಕದ ವಿಷಯ ಮೊದಲು. ಪ್ರತಿ ಸುತ್ತೂ ಬೇರೆ ಲೆಕ್ಕ. ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ಕೂದಲೆಳೆಯಲ್ಲಿ ಗೆದ್ದರೂ 10–9, ಚೆನ್ನಾಗಿ ಬಾರಿಸಿ ಗೆದ್ದರೂ ನಾಕ್‌ಡೌನ್ ಇಲ್ಲದಿದ್ದರೆ ಬಹುಪಾಲು 10–9. ಈ ಪಂದ್ಯದಲ್ಲಿ ಕೂದಲೆಳೆಯ ಸುತ್ತುಗಳೇ ಐದಾರು. ಅವನ್ನೆಲ್ಲ ಒಬ್ಬನಿಗೇ ಹಾಕಿದರೆ 118–110 ಬರುತ್ತೆ, ಹಂಚಿದರೆ 115–113. ಆ 118–110 ಚೀಟಿ ನನಗೆ ಒಪ್ಪಿಗೆ ಇಲ್ಲ, ಹ್ಯಾಗ್ಲರ್ ಬರೀ ಎರಡು ಸುತ್ತು ಗೆದ್ದ ಅನ್ನೋದು ಪಂದ್ಯ ನೋಡಿದ ಯಾರೂ ಹೇಳೋ ಮಾತಲ್ಲ. ಆದರೆ ಲೆಕ್ಕದ ಪದ್ಧತಿಯಲ್ಲಿ ಅದಕ್ಕೆ ಜಾಗ ಇದೆ.

ಲೆನರ್ಡ್‌ಗೆ ಈ ಪದ್ಧತಿ ಬಾಯಿಪಾಠ ಆಗಿತ್ತು. ಸುತ್ತಿನ ಕೊನೇ ಅರ್ಧ ನಿಮಿಷ ನೋಡಿ, ಪ್ರತಿ ಸಲ ನಿಂತು ಎರಡೂ ಕೈಯಲ್ಲಿ ಪಟಪಟ ಬಾರಿಸ್ತಾನೆ. ನಮ್ಮೂರ ಕಬಡ್ಡಿಯಲ್ಲಿ ಜಾಣ ರೈಡರ್ ಯಾರನ್ನೂ ಮುಟ್ಟದೆ ಬೋನಸ್ ಗೆರೆ ತುಳಿದು ಬರ್ತಾನಲ್ಲ, ಅದೇ ಲೆಕ್ಕ. ಆ ಹೊಡೆತಗಳಲ್ಲಿ ಹ್ಯಾಗ್ಲರ್‌ನನ್ನು ಅಲುಗಾಡಿಸೋ ತೂಕ ಇರಲಿಲ್ಲ. ಆದರೆ ಗಂಟೆ ಹೊಡೆದಾಗ ತೀರ್ಪುಗಾರನ ಕಣ್ಣಲ್ಲಿ ಉಳಿಯೋದು ಅದೇ. ಎಣಿಕೆಯೂ ಅವನ ಪರ ಇದೆ: ಹೊಡೆತ ಎಣಿಸೋ ಕಂಪ್ಯೂಬಾಕ್ಸ್ ಪ್ರಕಾರ ಲೆನರ್ಡ್ 629 ಬೀಸಿ 306 ತಾಗಿಸಿದ, ಹ್ಯಾಗ್ಲರ್ 792 ಬೀಸಿ 291.

ಇನ್ನು ನಿಲುವು. ಬಲಗೈಯವನು ಎಡಗಾಲು ಮುಂದಿಡ್ತಾನೆ, ಎಡಗೈಯವನು ಬಲಗಾಲು. ಇಬ್ಬರೂ ಎದುರಾದರೆ ಮುಂಗಾಲು ಮುಂಗಾಲು ಅಡ್ಡ ಬರುತ್ತೆ. ಯಾರ ಪಾದ ಹೊರಗಡೆ ಇರುತ್ತೋ ಅವನ ಹಿಂದಿನ ಕೈಗೆ ದಾರಿ ಬಿಚ್ಚುತ್ತೆ. ಹ್ಯಾಗ್ಲರ್‌ನಂಥ ಎಡಗೈಯವನ ಎದುರು ಬಲಗೈಯವನು ತನ್ನ ಎಡಕ್ಕೆ ಸುತ್ತಬೇಕು, ಆ ಎಡಗೈ ಹೊಡೆತದಿಂದ ದೂರ. ಲೆನರ್ಡ್ ತಿಂಗಳುಗಟ್ಟಲೆ ಅಭ್ಯಾಸ ಮಾಡಿಕೊಂಡು ಬಂದಿದ್ದೇ ಇದನ್ನ. ಹ್ಯಾಗ್ಲರ್ ಮೊದಲ ಎರಡು ಸುತ್ತು ಬಲಗೈ ನಿಲುವಿನಲ್ಲೇ ನಿಂತ. ಯಾಕೆ ಅಂದರೆ, ನನ್ನ ಅಭಿಪ್ರಾಯ ಹೇಳ್ತೀನಿ: ಬರೀ ಗುದ್ದೋನಲ್ಲ, ಆಟದ ಕಲೆಯಲ್ಲೂ ನಿನ್ನನ್ನ ಮೀರಿಸ್ತೀನಿ ಅಂತ ತೋರಿಸಬೇಕಿತ್ತು ಅವನಿಗೆ. ಲೆನರ್ಡ್‌ಗೆ ಹೆಸರು, ಜಾಹೀರಾತು, 1976ರ ಒಲಿಂಪಿಕ್ ಚಿನ್ನ, ಎಲ್ಲ ಸಿಕ್ಕಿತ್ತು. ಬ್ರಾಕ್ಟನ್‌ನ ಸಣ್ಣ ಜಿಮ್‌ನಿಂದ ಬಂದ ಹ್ಯಾಗ್ಲರ್ ಎಲ್ಲವನ್ನೂ ಸರದಿಯಲ್ಲಿ ಕಾದು ಪಡೆದವನು. ಆ ಉರಿ ಇದ್ದೇ ಇರುತ್ತೆ.

ಮೂರನೇ ಸುತ್ತಿನಿಂದ ತನ್ನ ನಿಲುವಿಗೆ ಬಂದ. 5ನೇ ಸುತ್ತಿನ ಕೊನೆಗೆ ಕೆಳಗಿಂದ ಮೇಲಕ್ಕೆ ಒಂದು ಅಪ್ಪರ್‌ಕಟ್ ಕೂತಿತು ನೋಡಿ, ಲೆನರ್ಡ್‌ನ ಕಾಲು ಸಡಿಲ ಆಯ್ತು. ಅಷ್ಟರಲ್ಲಿ ಮೊದಲ ಎರಡು ಸುತ್ತು ಮೂವರ ಚೀಟಿಯಲ್ಲೂ ಹೋಗಿಬಿಟ್ಟಿತ್ತು. 115–113ಕ್ಕೆ ಸೋತ ಚೀಟಿಯಲ್ಲಿ ಅದರಲ್ಲಿ ಒಂದೇ ಒಂದು ಸುತ್ತು ಹ್ಯಾಗ್ಲರ್ ಕಡೆ ಬಂದಿದ್ದರೆ 114–114, ಇಡೀ ಪಂದ್ಯ ಡ್ರಾ, ಪಟ್ಟ ಹ್ಯಾಗ್ಲರ್ ಹತ್ತಿರವೇ ಉಳೀತಿತ್ತು. ಮರುಪಂದ್ಯದ ಮಾತು ಬಂದಾಗೆಲ್ಲ ನಾನು ಇಲ್ಲಿಂದ ಶುರು ಮಾಡ್ತೀನಿ. ಆ ಎರಡು ಸುತ್ತನ್ನ ಹ್ಯಾಗ್ಲರ್ ಎರಡನೇ ಸಲ ದಾನ ಕೊಡ್ತಿರಲಿಲ್ಲ.

ಸಕಲೇಶಪುರ ಘಾಟಿ

ಎಲ್ಲರೂ ಒಂದು ಮರೆತಿದ್ದೀರಿ. 15 ಸುತ್ತು.

1982ರ ನವೆಂಬರ್‌ನಲ್ಲಿ ರೇ ಮ್ಯಾನ್ಸಿನಿ ಎದುರು ಆಡಿದ ಕೊರಿಯಾದ ಡುಕ್ ಕೂ ಕಿಮ್ 14ನೇ ಸುತ್ತಿನಲ್ಲಿ ಬಿದ್ದು, ಕೆಲವೇ ದಿನದಲ್ಲಿ ತೀರಿಹೋದ. ಅದಾದ ಮೇಲೆ ವಿಶ್ವ ಬಾಕ್ಸಿಂಗ್ ಮಂಡಳಿ (ಡಬ್ಲ್ಯೂಬಿಸಿ) ತನ್ನ ಪಟ್ಟದ ಪಂದ್ಯಗಳನ್ನು 12 ಸುತ್ತಿಗೆ ಇಳಿಸಿತು. ಆ ಹುಡುಗನ ಜೀವ ಹೋದ ಮೇಲೆ ಬಂದ ನಿಯಮ, ಅದರ ಬಗ್ಗೆ ತಕರಾರಿಲ್ಲ. ಆದರೆ ಹ್ಯಾಗ್ಲರ್ ಬೆಳೆದದ್ದು 15 ಸುತ್ತಿನ ಕಾಲದಲ್ಲಿ. 1983ರ ನವೆಂಬರ್‌ನಲ್ಲಿ ಡುರಾನ್ ಜೊತೆ ಆಡಿದ್ದು ನೆನಪಿಸಿಕೊಳ್ಳಿ. 13 ಸುತ್ತು ಮುಗಿದಾಗ ಇಬ್ಬರು ತೀರ್ಪುಗಾರರ ಚೀಟಿಯಲ್ಲಿ ಡುರಾನ್ ಒಂದು ಅಂಕ ಮುಂದಿದ್ದ, ಮೂರನೆಯವರದ್ದು ಸಮ. ಕೊನೆಯ ಎರಡು ಸುತ್ತು ಗೆದ್ದು ಹ್ಯಾಗ್ಲರ್ ಪಟ್ಟ ಉಳಿಸಿಕೊಂಡ. ಬೇರೆಯವರು ಬಾಯಲ್ಲಿ ಉಸಿರು ಬಿಡುವ ಹೊತ್ತಿಗೆ ಅವನು ಹೊಸದಾಗಿ ಶುರು ಮಾಡುತ್ತಿದ್ದ.

ಲೆನರ್ಡ್ ಕಡೆಯವರು ಒಪ್ಪಂದದಲ್ಲಿ ಕೇಳಿ ಪಡೆದದ್ದು ಮೂರು: 12 ಸುತ್ತು, 20 ಅಡಿಯ ರಿಂಗ್, 10 ಔನ್ಸಿನ ಗ್ಲೌಸ್. ಓಡಾಡಲು ಜಾಗ, ಹೊಡೆತಕ್ಕೆ ಮೆತ್ತೆ, ದಣಿವಿಗೆ ಮುಂಚೆ ಗಂಟೆ. ಅದಕ್ಕೆ ಬದಲಾಗಿ ಹ್ಯಾಗ್ಲರ್‌ಗೆ ಖಾತ್ರಿ ಹಣ ಜಾಸ್ತಿ: ಅವನಿಗೆ 12 ಮಿಲಿಯನ್ ಡಾಲರ್, ಲೆನರ್ಡ್‌ಗೆ 11. ಒಂದು ಮಿಲಿಯನ್ ಹೆಚ್ಚಿಗೆ ತಗೊಂಡು ಮೂರು ಸುತ್ತು ಬಿಟ್ಟುಕೊಟ್ಟ. 12ನೇ ಸುತ್ತಿನಲ್ಲಿ ಲೆನರ್ಡ್‌ನ ಮುಖ ನೋಡಿ, ಇನ್ನು ಮೂರು ಸುತ್ತು ಅವನ ಕೈಲಿ ಆಗುತ್ತಿತ್ತಾ?

ಮರುಪಂದ್ಯ 15 ಸುತ್ತಿಗೆ ಆಗಿದ್ದರೆ ಹ್ಯಾಗ್ಲರ್. 12ಕ್ಕೇ ಆಗಿದ್ದರೆ ನನಗೆ ಗ್ಯಾರಂಟಿ ಇಲ್ಲ.

ಬಿ.ಎಂ. ರಸ್ತೆ, ಹಾಸನ

ಘಾಟಿಯವರೇ, 15 ಸುತ್ತು ಹ್ಯಾಗ್ಲರ್‌ನ ಸ್ವಂತ ಆಸ್ತಿ ಏನಲ್ಲ. 1981ರ ಸೆಪ್ಟೆಂಬರ್ 16, ಥಾಮಸ್ ಹರ್ನ್ಸ್ ಜೊತೆ. 13 ಸುತ್ತಿಗೆ ಲೆನರ್ಡ್ ಮೂವರ ಚೀಟಿಯಲ್ಲೂ ಹಿಂದಿದ್ದ, ಎಡಗಣ್ಣು ಊದಿ ಮುಚ್ಚಿಕೊಂಡಿತ್ತು. 14ನೇ ಸುತ್ತಿನಲ್ಲಿ ಹರ್ನ್ಸ್‌ನನ್ನು ಹಗ್ಗಕ್ಕೆ ಒರಗಿಸಿ ಪಂದ್ಯ ನಿಲ್ಲಿಸಿದ. ಆ ಪಂದ್ಯ 12ಕ್ಕೇ ಮುಗಿದಿದ್ದರೆ ಲೆನರ್ಡ್ ಸೋತಿರುತ್ತಿದ್ದ. ತ್ರಾಣ ಇಲ್ಲದವನು 14ನೇ ಸುತ್ತಿನಲ್ಲಿ ಹರ್ನ್ಸ್‌ನಂಥವನನ್ನು ಮುಗಿಸಲ್ಲ.

ಸಕಲೇಶಪುರ ಘಾಟಿ

ಅದು 25 ವರ್ಷದ ಲೆನರ್ಡ್ ಸಾರ್. ಮಧ್ಯೆ ಕಣ್ಣಿನ ಆಪರೇಷನ್, ಮೂರು ವರ್ಷ ಖಾಲಿ ಕೂತದ್ದು ಎಲ್ಲ ಆಗಿದೆ. 1987ರಲ್ಲಿ 6ನೇ ಸುತ್ತಿಗೇ ಓಟ ಕಡಿಮೆ ಆಗಿತ್ತು.

ಕೊಪ್ಪದ ಮಳೆ

ಮಾರಾಯ್ರೆ, ಎಲ್ಲರೂ 1987ರ ಕೊನೆಗೆ ಅಂತ ಇಟ್ಟುಕೊಂಡು ಮಾತಾಡ್ತಿದ್ದೀರಿ. ಆ ದಿನಾಂಕಕ್ಕೆ ಪಂದ್ಯ ಆಗುವ ಹಾಗೇ ಇರಲಿಲ್ಲ. ಲೆನರ್ಡ್ ಗೆದ್ದ ಮುಂದಿನ ತಿಂಗಳೇ ನಿವೃತ್ತಿ ಅಂದ. ವಾಪಸ್ ಬಂದದ್ದು 1988ರ ನವೆಂಬರ್‌ನಲ್ಲಿ, ಡಾನಿ ಲಲಾಂಡ್ ಎದುರು. ಅಷ್ಟರಲ್ಲಿ ಹ್ಯಾಗ್ಲರ್ ಕಾದು ಕಾದು ಬಿಟ್ಟಾಗಿತ್ತು.

ನನಗೆ ಬಾಕ್ಸಿಂಗ್ ಹುಚ್ಚು ಹತ್ತಿಸಿದ್ದು ನಮ್ಮ ಅಣ್ಣ. ಮಳೆಗಾಲದಲ್ಲಿ ಕರೆಂಟ್ ಇದ್ದಷ್ಟು ಹೊತ್ತು ಹಳೇ ಪಂದ್ಯ ಹಾಕ್ಕೊಂಡು ಕೂರ್ತಿದ್ದೆವು. ಅದರಲ್ಲಿ ನನ್ನನ್ನು ಹಿಡಿದಿಟ್ಟದ್ದು ಹೊಡೆತಕ್ಕಿಂತ ಈ ಇಬ್ಬರ ಕಥೆ. 1982ರ ನವೆಂಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ದೊಡ್ಡ ಸಮಾರಂಭ ಮಾಡಿ ಲೆನರ್ಡ್ ತನ್ನ ನಿವೃತ್ತಿ ಹೇಳಿದ. ಅಕ್ಷಿಪಟಲ ಕಳಚಿ ಆಪರೇಷನ್ ಆಗಿತ್ತಲ್ಲ, ಅದಕ್ಕೆ. ಆ ಸಭೆಗೆ ಹ್ಯಾಗ್ಲರ್‌ನನ್ನೂ ಕರೆಸಿದ್ದರು. ಇಬ್ಬರ ಪಂದ್ಯ ಘೋಷಿಸಬಹುದು ಅಂತ ಎಲ್ಲರೂ ಕಾದಿದ್ದರೆ, ಆ ಪಂದ್ಯ ಯಾವತ್ತೂ ಆಗುವುದಿಲ್ಲ ಅಂತ ಎಲ್ಲರೆದುರು ಹೇಳಿಬಿಟ್ಟ. ಹ್ಯಾಗ್ಲರ್ ಅಲ್ಲಿ ಕೂತು ಕೇಳಿಸಿಕೊಂಡ. ನಾಲ್ಕೂವರೆ ವರ್ಷ ಆದ ಮೇಲೆ ಲೆನರ್ಡ್‌ಗೆ ಬೇಕಾದಾಗ, ಲೆನರ್ಡ್ ಹೇಳಿದ ಷರತ್ತಿನ ಮೇಲೆ ಪಂದ್ಯ ಆಯ್ತು. ಎರಡನೇದಕ್ಕೂ ಲೆನರ್ಡ್ ಬರುವ ತನಕ ಕಾಯಬೇಕಿತ್ತು. 1990ರ ಸುಮಾರಿಗೆ ಮರುಪಂದ್ಯದ ಪ್ರಸ್ತಾಪ ಬಂದಾಗ ಹ್ಯಾಗ್ಲರ್ ಬೇಡ ಅಂದ. ಅದು ಹೆದರಿಕೆ ಅಲ್ಲ, ಯಾರ ಹೊಸ್ತಿಲಲ್ಲೂ ಇನ್ನು ಕಾಯಲ್ಲ ಅನ್ನುವ ನಿರ್ಧಾರ ಅಂತ ನಾನು ತಿಳಿದಿದ್ದೇನೆ. ಹಾಗೆ ಹೋದವನು ಮತ್ತೆ ಬರಲೂ ಇಲ್ಲ. ಎಷ್ಟು ಬಾಕ್ಸರ್‌ಗಳು ಒಮ್ಮೆ ಬಿಟ್ಟು ಸುಮ್ಮನಿದ್ದಾರೆ ಹೇಳಿ? ಲೆನರ್ಡ್ ಅಂತೂ 1991ರಲ್ಲಿ ಟೆರಿ ನಾರಿಸ್ ಕೈಲಿ, 1997ರಲ್ಲಿ ಹೆಕ್ಟರ್ ಕಮಾಚೊ ಕೈಲಿ ಪೆಟ್ಟು ತಿನ್ನುವ ತನಕ ಬಿಡಲಿಲ್ಲ.

ಆದ್ದರಿಂದ ಊಹೆ ಮಾಡುವುದಾದರೆ 1989ಕ್ಕೆ ಮಾಡಿ. ಆ ವರ್ಷ ಜೂನ್‌ನಲ್ಲಿ ಹರ್ನ್ಸ್ ಜೊತೆಗಿನ ಮರುಪಂದ್ಯದಲ್ಲಿ ಲೆನರ್ಡ್ ಎರಡು ಸಲ ನೆಲಕ್ಕೆ ಬಿದ್ದ, 3ನೇ ಸುತ್ತಿನಲ್ಲಿ ಮತ್ತೆ 11ನೇ ಸುತ್ತಿನಲ್ಲಿ. ತೀರ್ಪು ಡ್ರಾ ಅಂತ ಬಂತು. ಹರ್ನ್ಸ್ ಗೆದ್ದಿದ್ದ ಅಂತ ಲೆನರ್ಡ್ ಕೂಡ ಆಮೇಲೆ ಒಪ್ಪಿಕೊಂಡಿದ್ದಾನೆ. ಅದೇ ಹರ್ನ್ಸ್‌ನನ್ನು ಹ್ಯಾಗ್ಲರ್ 1985ರಲ್ಲಿ ಮೂರೇ ಸುತ್ತಿಗೆ ಮುಗಿಸಿದ್ದ.

ಬಿ.ಎಂ. ರಸ್ತೆ, ಹಾಸನ

ಅಕ್ಕಾ, ಹರ್ನ್ಸ್ ಮೂಲಕ ಅಳೆಯೋಕೆ ಹೋಗಬೇಡಿ. ಬಾಕ್ಸಿಂಗ್‌ನಲ್ಲಿ ಒಬ್ಬೊಬ್ಬನ ಆಟ ಒಬ್ಬೊಬ್ಬನಿಗೆ ಕಷ್ಟ. ಡುರಾನ್‌ನನ್ನು ಹರ್ನ್ಸ್ 1984ರಲ್ಲಿ ಎರಡೇ ಸುತ್ತಿಗೆ ಮಲಗಿಸಿದ, ಹ್ಯಾಗ್ಲರ್‌ಗೆ ಅದೇ ಡುರಾನ್ 15 ಸುತ್ತು ಬೆವರಿಳಿಸಿದ. ಮತ್ತೆ 1989ರಲ್ಲಿ ಹ್ಯಾಗ್ಲರ್‌ಗೆ 35. ಎರಡು ವರ್ಷ ಆಡದೆ ಕೂತ 35ರ ಹ್ಯಾಗ್ಲರ್ ಏನು ಮಾಡುತ್ತಿದ್ದ ಅಂತ ಯಾರಿಗೆ ಗೊತ್ತು? ಲೆನರ್ಡ್ ಕೂತು ಎದ್ದು ಬಂದು ಗೆದ್ದ. ಅದು ಎಲ್ಲರಿಗೂ ಒಲಿಯುವ ವಿದ್ಯೆ ಅಲ್ಲ.

ನೀವು ಬಾಲ್ಟಿಮೋರ್ ವಿಷಯ ಹೇಳಿದ್ದು ಮಾತ್ರ ಮನಸ್ಸಿಗೆ ತಟ್ಟಿತು. ನಾನು ಲೆನರ್ಡ್ ಅಭಿಮಾನಿಯಾದರೂ ಆ ದಿನ ಅವನು ಹಾಗೆ ಮಾಡಬಾರದಿತ್ತು.

ಮೂಡಿಗೆರೆ ತೋಟದವ

ಎಲ್ಲರ ಮಾತೂ ಓದಿದೆ. ನಾನು ಹೇಳಿದ ದಿನಕ್ಕೇ, 1987ರ ನವೆಂಬರ್‌ಗೇ ನಿಲ್ಲುತ್ತೇನೆ, ಯಾಕೆಂದರೆ ಇಬ್ಬರಲ್ಲೂ ಇನ್ನೂ ಆಟ ಉಳಿದಿದ್ದ ಕೊನೆಯ ಗಡುವು ಅದು. 12 ಸುತ್ತು, ಅದೇ ರಿಂಗ್, ಅದೇ ಗ್ಲೌಸ್ ಅಂತಲೇ ಇಟ್ಟುಕೊಳ್ಳೋಣ. ಲೆನರ್ಡ್‌ಗೆ ಅನುಕೂಲವಾಗಿಯೇ ಇರಲಿ. ನನ್ನ ಕಣ್ಣಿಗೆ ಕಾಣುವ ಪಂದ್ಯ ಇದು.

ಹ್ಯಾಗ್ಲರ್ ಮೊದಲ ಗಂಟೆಯಿಂದಲೇ ಎಡಗೈ ನಿಲುವಿನಲ್ಲಿ ಬರುತ್ತಾನೆ. ಬಲಗೈ ಜ್ಯಾಬ್, ಅಂದರೆ ಮುಂದಿನ ಕೈಯ ಚುರುಕು ನೇರ ಗುದ್ದು, ಮುಖಕ್ಕಲ್ಲ, ಎದೆಗೆ. ಮೊದಲ ಪಂದ್ಯದಲ್ಲಿ ಅವನು ಲೆನರ್ಡ್‌ನ ತಲೆಯನ್ನು ಅಟ್ಟಿಸಿಕೊಂಡು ಹೋದ, ಆ ತಲೆ ಯಾವಾಗಲೂ ಅರ್ಧ ಗೇಣು ಆಚೆ ಇರುತ್ತಿತ್ತು. ಹೊಟ್ಟೆ, ಪಕ್ಕೆಲುಬು ಹಾಗೆ ಜಾರಿಕೊಳ್ಳುವುದಿಲ್ಲ. 1, 2 ಹ್ಯಾಗ್ಲರ್‌ಗೆ. ಲೆನರ್ಡ್ 3, 4ರಲ್ಲಿ ವೇಗ ಹೆಚ್ಚಿಸಿ ಸುತ್ತು ಕದಿಯುತ್ತಾನೆ, ಅದು ಅವನ ಜಾಣ್ಮೆ, ತಡೆಯಲಾಗದು. 5ರಿಂದ 8ರವರೆಗೆ ಹ್ಯಾಗ್ಲರ್ ಅವನ ಹಿಂದೆ ಓಡುವುದನ್ನು ಬಿಟ್ಟು ಅವನು ಹೋಗುವ ದಾರಿಗೆ ಅಡ್ಡ ಹೆಜ್ಜೆ ಇಡುತ್ತಾನೆ. ಮೂಲೆ ಹತ್ತಿರವಾಗುತ್ತದೆ. ಮೊದಲ ಪಂದ್ಯದ 9ನೇ ಸುತ್ತಿನಲ್ಲಿ ಲೆನರ್ಡ್ ಮೂಲೆಯಲ್ಲಿ ಸಿಕ್ಕಿಕೊಂಡು, ಗುದ್ದಾಡಿ ಹೊರಗೆ ಬಂದನಲ್ಲ, ಅದೊಂದು ನಿಮಿಷ ನಾನು ನೋಡಿದ ಅತ್ಯುತ್ತಮ ಬಾಕ್ಸಿಂಗ್, ಹ್ಯಾಗ್ಲರ್ ಪಕ್ಷದವನಾಗಿಯೂ ಹೇಳುತ್ತೇನೆ. ಪಕ್ಕೆಗೆ ಅಷ್ಟು ಹೊತ್ತು ಪೆಟ್ಟು ಬಿದ್ದ ಮೇಲೆ ಎರಡನೇ ಸಲ ಹಾಗೆ ಹೊರಗೆ ಬರುವ ಕಾಲು ಅವನಲ್ಲಿ ಉಳಿದಿರುವುದಿಲ್ಲ. 10 ಅಥವಾ 11ನೇ ಸುತ್ತಿನಲ್ಲಿ ರೆಫ್ರಿ ನಡುವೆ ಬರುತ್ತಾರೆ.

ಗರಡಿ ಬೀದಿ, ಬೇಲೂರು

ಗೌಡ್ರೇ, ಹೊಟ್ಟೆಗೆ ಹೊಡೀಬೇಕು ಅನ್ನೋದು ನೂರಕ್ಕೆ ನೂರು ಸರಿ. ಆದರೆ ನೀವು ಏಂಜೆಲೊ ಡಂಡಿಯನ್ನ ಲೆಕ್ಕಕ್ಕೆ ತಗೊಂಡಿಲ್ಲ. ಮುಹಮ್ಮದ್ ಅಲಿ ಮೂಲೆಯಲ್ಲಿ ನಿಂತಿದ್ದ ತರಬೇತುದಾರ ಲೆನರ್ಡ್ ಮೂಲೆಯಲ್ಲೂ ಇದ್ದ. ಹ್ಯಾಗ್ಲರ್ ಎದೆಗೆ ಜ್ಯಾಬ್ ಹಾಕಬೇಕಾದರೆ ಮಂಡಿ ಬಗ್ಗಿಸಿ ತಲೆ ಕೆಳಗೆ ತರಬೇಕು. ಆ ಕ್ಷಣಕ್ಕೆ ಲೆನರ್ಡ್‌ನ ಬಲಗೈ ನೇರ ಹೊಡೆತಕ್ಕೆ ಬಾಗಿಲು ತೆಗೆದಂತೆ. ಮೊದಲ ಪಂದ್ಯದಲ್ಲೂ ಲೆನರ್ಡ್‌ಗೆ ಅಂಕ ತಂದದ್ದು ಆ ಬಲಗೈಯೇ. ಎರಡನೇ ಸುತ್ತಿನ ಹೊತ್ತಿಗೆ ಡಂಡಿ ಅದನ್ನ ಕಂಡು ಹೇಳಿರ್ತಿದ್ದ. ಹ್ಯಾಗ್ಲರ್ ಮೂಲೆಯ ಪೆಟ್ರೊನೆಲ್ಲಿ ಅಣ್ಣತಮ್ಮಂದಿರು ಒಳ್ಳೆಯವರು, ಅವನನ್ನ ಹುಡುಗನಾಗಿದ್ದಾಗಿಂದ ತಿದ್ದಿದವರು, ಆದರೆ ಆ ಮೊದಲ ಎರಡು ಸುತ್ತಿನ ನಿಲುವನ್ನ ಅವರು ತಡೀಲಿಲ್ಲವಲ್ಲ.

ಹ್ಯಾಗ್ಲರ್‌ನ ದವಡೆ ಬೀಳೋ ದವಡೆ ಅಲ್ಲ, ಒಪ್ತೀನಿ. ಹಾಗಾಗಿ ನಾಕೌಟ್ ಎರಡೂ ಕಡೆ ಇಲ್ಲ. ಲೆನರ್ಡ್ ನಿಲ್ಲಿಸಲ್ಪಟ್ಟಿದ್ದು 40 ದಾಟಿ ಕಮಾಚೊ ಎದುರು ಬಂದಾಗ ಮಾತ್ರ, ಅಲ್ಲೀವರೆಗೂ ಬಿದ್ದರೂ ಎದ್ದವನೇ. ಪಂದ್ಯ 12 ಸುತ್ತೂ ಹೋಗ್ತಿತ್ತು. ನನ್ನ ಚೀಟಿ 115–113, ಹ್ಯಾಗ್ಲರ್. ಕಾರಣ ಮೊದಲೇ ಹೇಳಿದ್ದು, ಶುರುವಿನ ಎರಡು ಸುತ್ತು.

ಕಡೂರು ಹುಡುಗ

ಗುರುಗಳೇ, ನೀವು ಅಂಕದ ಲೆಕ್ಕ ಹೇಳಿದ ಮೇಲೆ ನಿನ್ನೆ ರಾತ್ರಿ ಶಬ್ದ ಬಂದ್ ಮಾಡಿಕೊಂಡು ಪೆನ್ನು ಹಿಡಿದು ನೋಡಿದೆ. ಕಾಮೆಂಟರಿ ಇಲ್ಲದೆ ನೋಡಿದರೆ ಪಂದ್ಯವೇ ಬೇರೆ. ಜನರ ಕೂಗು ಕೇಳದಿದ್ದರೆ ಲೆನರ್ಡ್‌ನ ಕೊನೇ ಅರ್ಧ ನಿಮಿಷ ಅಷ್ಟು ದೊಡ್ಡದಾಗಿ ಕಾಣಲ್ಲ. ನನಗೆ 1, 2, 3, 4, 6, 11 ಲೆನರ್ಡ್‌ಗೆ ಬಂತು. 5, 7, 8, 9, 10, 12 ಹ್ಯಾಗ್ಲರ್‌ಗೆ. 114–114. ಆದರೆ 9ನೇ ಸುತ್ತನ್ನ ಎರಡು ಸಲ ಹೊಡೆದು ಹಾಕಿ ಬರೆದೆ. ಅದು ಯಾರಿಗೆ ಹೋಗಬೇಕು?

ಗರಡಿ ಬೀದಿ, ಬೇಲೂರು

ಹ್ಯಾಗ್ಲರ್‌ಗೇ ಇರಲಿ ತಮ್ಮಾ. ಮೂಲೆಯಿಂದ ಹೊರಗೆ ಬಂದದ್ದು ಲೆನರ್ಡ್, ಆದರೆ ಆ ಸುತ್ತಿನಲ್ಲಿ ಅವನನ್ನ ಮತ್ತೆ ಮತ್ತೆ ಅಲ್ಲಿಗೆ ತಳ್ಳಿದ್ದು ಹ್ಯಾಗ್ಲರ್. 4ನೇ ಸುತ್ತನ್ನ ಇನ್ನೊಮ್ಮೆ ನೋಡು, ಅಲ್ಲಿ ಕೈ ಬೀಸಿ ಆಟ ತೋರಿಸಿದ್ದು ಎಷ್ಟು, ತಾಗಿದ್ದು ಎಷ್ಟು ಅಂತ ಬೇರೆ ಬೇರೆ ಎಣಿಸು.